ಸೋರೆಬುರುಡೆಯೊಳಗಿನ ಚರಿತ್ರೆ

ಹೊನ್ನಾವರದಲ್ಲಿ ಹೆಣ್ಣುಮಕ್ಕಳ 13 ಶಾಲೆಗಳಿದ್ದುದನ್ನು ಬರೆದಿಟ್ಟ ಇಬ್ನ್ ಬತೂತ ನಮಗೆ ಅಪರಿಚಿತನಲ್ಲ. ಅದೇ ಪ್ರವಾಸಿ 1352ರಲ್ಲಿ ಸಹರಾ ಮರುಭೂಮಿ ದಾಟಿ ಪಶ್ಚಿಮ ಆಫ್ರಿಕಾದ ಮಾಲಿಗೆ ಹೋದ. ಎರಡೂ ಈದ್‌ಗಳಂದು ಅಸರ್ ನಮಾಝಿನ ಬಳಿಕ, ದೊರೆ ಮನ್ಸಾ ಸುಲೈಮಾನನ ಮುಂದೆ ದೂಘಾ ಎಂಬ ದುಭಾಷಿ ಒಂದು ವಾದ್ಯ ಬಾರಿಸುತ್ತಾ ದೊರೆಯ ಪರಾಕ್ರಮವನ್ನು ಹಾಡುತ್ತಿದ್ದನಂತೆ. ವಾದ್ಯದ ಅಡಿಯಲ್ಲಿ ಪುಟ್ಟ ಸೋರೆಬುರುಡೆಗಳಿದ್ದವು ಎಂದೂ ಆತ ಬರೆದಿದ್ದಾನೆ. ಅದೇ ಬಾಲಫೋನ್.

ಚೌಕಟ್ಟಿನ ಮೇಲೆ ಸಾಲಾಗಿ ಮರದ ಪಟ್ಟಿಗಳು, ಅವುಗಳ ಕೆಳಗೆ ಸೋರೆಬುರುಡೆಗಳು. ಬುರುಡೆಯ ತೂತಿಗೆ ಜೇಡನ ಗೂಡಿನ ತೆಳುಪೊರೆ ಅಂಟಿಸುತ್ತಾರೆ. ಕೋಲಿನಿಂದ ಬಾರಿಸಿದರೆ ಸ್ವರದೊಂದಿಗೆ ಝೇಂಕಾರವೂ ಹೊಮ್ಮುತ್ತದೆ.

ಇವುಗಳಲ್ಲಿ ಅತ್ಯಂತ ಗೌರವಾನ್ವಿತವಾದುದು ಸೊಸ್ಸೊ ಬಾಲಾ. ಸೊಸ್ಸೊ ದೊರೆ ಸುಮಂಗುರು ಕಾಂತೆಯ ಈ ವಾದ್ಯ, 13ನೇ ಶತಮಾನದಲ್ಲಿ ಸುಂಜಾತಾ ಕೀತಾ ಅವನನ್ನು ಸೋಲಿಸಿದ ಮೇಲೆ ಬಾಲಾ ಫಾಸೆಕೆ ಕುಯಾತೆಯ ವಂಶಕ್ಕೆ ಬಂತೆಂದು ಮೌಖಿಕ ಪರಂಪರೆ ಹೇಳುತ್ತದೆ. ಗಿನಿ ದೇಶದ ನಿಯಾಗಸ್ಸೋಲಾ ಗ್ರಾಮದಲ್ಲಿ ಅದನ್ನು ಕಾಯುತ್ತಿರುವ ಮನೆತನದ ಹಿರಿಯ, ಹಿಜರಿ ಹೊಸ ವರ್ಷದಂತಹ ವಿಶೇಷ ಸಂದರ್ಭಗಳಲ್ಲಷ್ಟೇ ಅದನ್ನು ನುಡಿಸುತ್ತಾನೆ. 2001ರಲ್ಲಿ ಯುನೆಸ್ಕೊ ಈ ಪರಂಪರೆಯನ್ನು ಮಾನವಕುಲದ ಆಸ್ತಿಯೆಂದು ಸಾರಿತು. ಆದರೆ ಯುವಕರು ಹಳ್ಳಿ ಬಿಡುತ್ತಿದ್ದರೆ ಕಲಿಯುವವರು ಯಾರು?

ಆಸ್ಥಾನದಲ್ಲಿ ಹಕ್ಕಿವೇಷ ತೊಟ್ಟ ಕವಿಗಳು ಖಾಝಿಯಾಗಿದ್ದ ಇಬ್ನ್ ಬತೂತನಿಗೆ ನಗೆಪಾಟಲಾಗಿ ಕಂಡರು. ಇದು ಇಸ್ಲಾಮಿಗಿಂತ ಹಿಂದಿನ ಪದ್ಧತಿಯೆಂದು ಅಲ್ಲಿಯವರು ಆತನಿಗೆ ತಿಳಿಸಿದರು. ಅದೇ ಜನ ಜುಮಾಕ್ಕೆ ಮಸೀದಿಯಲ್ಲಿ ಜಾಗ ಸಿಗದೆಂದು ಹುಡುಗರ ಕೈಯಲ್ಲಿ ಮುಸಲ್ಲಾ ಕಳುಹಿಸಿ ಸ್ಥಳ ಹಿಡಿಸುತ್ತಿದ್ದುದನ್ನೂ ಆತ ಮೆಚ್ಚಿ ಬರೆದಿದ್ದಾನೆ. ಮುಸ್ಲಿಮರಾಗಲು ಅಜ್ಜಂದಿರ ವಾದ್ಯವನ್ನು ಒಡೆಯಬೇಕೆಂದು ಅವರಿಗೆ ಅನ್ನಿಸಲಿಲ್ಲ.