ಗ್ಯಾನಿಮೀಡ್ ಚಂದ್ರನ ಗಾಳಿ: ಕಾವಲೂರಿನಿಂದ ಮೇರಿಲ್ಯಾಂಡಿಗೆ

ಕಳೆದ ರಜೆಯಲ್ಲಿ ವಾಷಿಂಗ್ಟನ್ ಹತ್ತಿರ, ಮೇರಿಲ್ಯಾಂಡಿನ ಗ್ರೀನ್‌ಬೆಲ್ಟಿನಲ್ಲಿರುವ ಅಕ್ಕನ ಮನೆಗೆ ಹೋಗಿದ್ದೆ. ನಾಸಾದ ಗೊಡಾರ್ಡ್ ಕೇಂದ್ರ ಇರುವುದು ಅದೇ ಊರಿನಲ್ಲಿ. ಹಬಲ್ ದೂರದರ್ಶಕವನ್ನು ನಿಯಂತ್ರಿಸುವುದು ಅಲ್ಲಿಂದಲೇ. ಊಟದ ಹೊತ್ತಿನಲ್ಲಿ ಭಾವ ಒಂದು ವಾಟ್ಸಾಪ್ ಸಂದೇಶ ತೋರಿಸಿದರು: ಗುರುಗ್ರಹದ ಚಂದ್ರನಲ್ಲಿ ಗಾಳಿ ಕಂಡುಹಿಡಿದದ್ದು ನಮ್ಮವರು, ಹೆಸರು ಬಂದದ್ದು ಅಮೆರಿಕದವರಿಗೆ!

ಹೆಮ್ಮೆಯೇನೋ ಆಯಿತು. ಆದರೆ ನಡೆದದ್ದು ಅಷ್ಟು ಸರಳವಲ್ಲ.

ಈಗ ಬೆಂಗಳೂರಿನ ಕೋರಮಂಗಲದಲ್ಲಿರುವ ಭಾರತೀಯ ಖಭೌತ ಸಂಸ್ಥೆಗೆ ತಮಿಳುನಾಡಿನ ಕಾವಲೂರಿನಲ್ಲಿ ವೀಕ್ಷಣಾಲಯವಿದೆ. ವೇಣು ಬಾಪು ಕಟ್ಟಿದ್ದು. 1972ರಲ್ಲಿ ಅಲ್ಲಿಗೆ ಒಂದು ಮೀಟರ್ ಕನ್ನಡಿಯ ಹೊಸ ದೂರದರ್ಶಕ ಬಂದಿತ್ತು. ಆ ವರ್ಷ ಜೂನ್ 7ರಂದು ಗುರುವಿನ ಅತಿ ದೊಡ್ಡ ಚಂದ್ರ ಗ್ಯಾನಿಮೀಡ್ ಒಂದು ನಕ್ಷತ್ರಕ್ಕೆ ಅಡ್ಡ ಬಂದಿತು. ಗಾಳಿಯೇ ಇಲ್ಲದ ಚಂದ್ರ ಅಡ್ಡ ಬಂದರೆ ನಕ್ಷತ್ರ ಸ್ವಿಚ್ ಆರಿಸಿದ ಹಾಗೆ ತಟ್ಟನೆ ಮಾಯವಾಗಬೇಕು. ಗಾಳಿಯಿದ್ದರೆ, ನಮ್ಮ ಗಲ್ಫಿನ ಧೂಳಿನ ಸಂಜೆ ಸೂರ್ಯ ಮುಳುಗುವ ಮೊದಲೇ ಮಂಕಾಗುತ್ತಾನಲ್ಲ, ಹಾಗೆ ಮೆಲ್ಲನೆ ಕುಂದಬೇಕು. ಕಾವಲೂರಿನಲ್ಲೂ ಇಂಡೋನೇಷ್ಯಾದ ಲೆಂಬಾಂಗ್‌ನಲ್ಲೂ ಬೆಳಕು ಮೆಲ್ಲನೆ ಕುಂದಿದಂತೆ ಕಂಡಿತು. ಜೆ.ಸಿ. ಭಟ್ಟಾಚಾರ್ಯ ಮತ್ತು ಅಮೆರಿಕ, ಬ್ರಿಟನ್, ಇಂಡೋನೇಷ್ಯಾದ ಸಂಗಡಿಗರು 1973ರಲ್ಲಿ ಪ್ರಕಟಿಸಿದರು: ಗ್ಯಾನಿಮೀಡ್‌ನಲ್ಲಿ ಗಾಳಿಯಿದೆ, ಒತ್ತಡ ಭೂಮಿಯದರ ಹತ್ತು ಲಕ್ಷದಲ್ಲಿ ಒಂದು ಪಾಲಿಗಿಂತ ಹೆಚ್ಚು.

1979ರಲ್ಲಿ ವಾಯೇಜರ್ 1 ನೌಕೆ ಗುರುವಿನ ಬಳಿ ಹಾದುಹೋಗುವಾಗ ಇದೇ ಪರೀಕ್ಷೆಯನ್ನು ಅತಿನೇರಳೆ ಬೆಳಕಿನಲ್ಲಿ ಮಾಡಿತು. ಗಾಳಿ ಸಿಗಲಿಲ್ಲ. ಇದ್ದರೂ ಕಾವಲೂರಿನ ಲೆಕ್ಕಕ್ಕಿಂತ ಹತ್ತು ಸಾವಿರ ಪಟ್ಟಿಗೂ ಕಡಿಮೆ ಇರಬೇಕು. ಅಲ್ಲಿಗೆ ಆ ಹಳೆಯ ಲೆಕ್ಕ ಬಿದ್ದುಹೋಯಿತು.

ಆದರೆ 1996ರಲ್ಲಿ ಹಬಲ್, ಗೊಡಾರ್ಡ್ ಹೆಸರಿನದೇ ರೋಹಿತಮಾಪಕದಿಂದ ನೋಡಿದಾಗ, ಗ್ಯಾನಿಮೀಡ್ ಸುತ್ತ ಆಮ್ಲಜನಕದ ಮಂದ ಹೊಳಪು ಕಂಡಿತು. ಗುರುವಿನ ಕಾಂತಕ್ಷೇತ್ರದಲ್ಲಿ ಸಿಕ್ಕಿಬಿದ್ದ ವಿದ್ಯುತ್ ಕಣಗಳು ಅಲ್ಲಿನ ಮಂಜುಗಡ್ಡೆಗೆ ಬಡಿದು ನೀರನ್ನು ಒಡೆಯುತ್ತವೆ. ಹಗುರವಾದ ಜಲಜನಕ ಹಾರಿಹೋಗುತ್ತದೆ, ಆಮ್ಲಜನಕ ಉಳಿಯುತ್ತದೆ. ಅದೂ ಉಸಿರಾಡಲು ಏನೇನೂ ಸಾಲದಷ್ಟು ತೆಳು.

ಅಂದರೆ ಕಾವಲೂರಿನವರು ಹೇಳಿದ ಗಾಳಿ ಅಲ್ಲಿಲ್ಲ, ಇರುವ ಗಾಳಿ ಅವರ ಉಪಕರಣಕ್ಕೆ ಕಾಣುವಂಥದ್ದಲ್ಲ. ನನಗಂತೂ ಇದು ಸೋಲು ಎನಿಸುವುದಿಲ್ಲ. ಅವರು ಅಳತೆಯನ್ನು ಅಂಕಿಯಲ್ಲಿ ಬರೆದಿಟ್ಟಿದ್ದರಿಂದಲೇ ವಾಯೇಜರ್ ಅದನ್ನು ತಪ್ಪೆಂದು ತೋರಿಸಲು ಸಾಧ್ಯವಾಯಿತು. ಇದನ್ನೆಲ್ಲ ಭಾವನಿಗೆ ವಿವರಿಸುವಷ್ಟರಲ್ಲಿ ಸಾರು ಆರಿತ್ತು.

2023ರ ಏಪ್ರಿಲ್‌ನಲ್ಲಿ ಹೊರಟ ಯುರೋಪಿನ ಜ್ಯೂಸ್ ನೌಕೆ 2034ರಲ್ಲಿ ಗ್ಯಾನಿಮೀಡನ್ನೇ ಸುತ್ತಲಿದೆ. ಆ ವಿದ್ಯುತ್ ಕಣಗಳನ್ನು ಅಳೆಯುವ ಅದರ ಉಪಕರಣಗಳಲ್ಲಿ ಎರಡು, ಅಕ್ಕನ ಮನೆಯಿಂದ ಕಾರಿನಲ್ಲಿ ಸ್ವಲ್ಪವೇ ದೂರದ ಲಾರೆಲ್‌ನಲ್ಲಿ ತಯಾರಾದವು.