ಗ್ರಾಂ ಮೊಗೋಲ್ ಅಂಗಡಿಯ ಒಡತಿ

ಸ್ತ್ರೀಯರ ಉಡುಪಿನ ಪುಟ್ಟ ಅಂಗಡಿಯೊಂದನ್ನು ಸ್ತ್ರೀಯೊಬ್ಬಳು ತನ್ನ ಹೆಸರಿನಲ್ಲಿಯೇ ತೆರೆದು ನಡೆಸುವುದು ಇಂದು ನಮ್ಮ ಊರುಗಳಲ್ಲಿಯೂ ಸಾಧಾರಣ ಸಂಗತಿಯಾಗಿರುವುದಾದರೂ, ವಸ್ತ್ರಾಭಿರುಚಿಗೆ ತವರೆನಿಸಿದ ಪ್ಯಾರಿಸ್ ನಗರದಲ್ಲಿ ಈ ಅಧಿಕಾರವು ಅವಳಿಗೆ ದೀರ್ಘಕಾಲದ ಹೋರಾಟದಿಂದ ದೊರೆತುದು. ಹೊಲಿಗೆಯ ವೃತ್ತಿಯು ಅಲ್ಲಿ ದರ್ಜಿಗಳ ಶ್ರೇಣಿಗೆ, ಎಂದರೆ ವೃತ್ತಿಸಂಘಕ್ಕೆ, ಮೀಸಲಾಗಿದ್ದಿತು. ಸೂಜಿ ಹಿಡಿದು ಜೀವಿಸುತ್ತಿದ್ದ ಹೆಂಗಸರ ಕೆಲಸವು ಅಕ್ರಮವೆನಿಸಿ, ಅವರ ಬಟ್ಟೆ ಜಪ್ತಿಯಾಗುತ್ತಿದ್ದಿತು, ದಂಡವೂ ಬೀಳುತ್ತಿದ್ದಿತು. 1675ರಲ್ಲಿ ಹದಿನಾಲ್ಕನೆಯ ಲೂಯಿ ದೊರೆಯು ಅವರಿಗೆ ಪ್ರತ್ಯೇಕ ಶ್ರೇಣಿಯನ್ನು ಅನುಗ್ರಹಿಸಿದಾಗ, ಹೆಂಗಸರಿಗೆ ಹೆಂಗಸರೇ ಉಡುಪು ತೊಡಿಸುವುದು ಲಜ್ಜೆಗೆ ಉಚಿತವೆಂಬ ಕಾರಣವನ್ನು ಶಾಸನದಲ್ಲಿ ಕಾಣಿಸಿದನು. ಅವರ ಕೈಯ ನೈಪುಣ್ಯವನ್ನೇ ಕಾರಣವೆಂದು ಹೇಳಿದ್ದರೆ ಆ ಶಾಸನಕ್ಕೆ ಇನ್ನಷ್ಟು ಶೋಭೆ ಬರುತ್ತಿದ್ದಿತು. ಅಷ್ಟಾದರೂ, ತಿಮಿಂಗಿಲದ ಎಲುಬಿನ ಸಲಾಕೆಗಳನ್ನಿಟ್ಟು ಹೊಲಿಯುವ ಬಿಗಿಯಾದ ಮೇಲಂಗಿಯು ದರ್ಜಿಗಳ ಪಾಲಿಗೇ ಉಳಿಯಿತು.

ಹೊಲಿಗೆಯ ಈ ಹೆಂಗಸರಿಂದ ಬೇರೆಯಾಗಿ ಅಲಂಕಾರವನ್ನು ಮಾರುವ ಮತ್ತೊಂದು ವರ್ಗದ ಹೆಂಗಸರು ಹದಿನೆಂಟನೆಯ ಶತಮಾನದಲ್ಲಿ ತಲೆಯೆತ್ತಿದರು. ರೇಷ್ಮೆಯನ್ನು ಜವಳಿ ವರ್ತಕನಿಂದ ಕೊಂಡು, ಹೊಲಿಗೆಯವಳಿಂದ ಹೊಲಿಸಿ ತಂದ ಉಡುಪಿಗೆ ಯಾವ ಪಟ್ಟಿ, ಯಾವ ಜಾಲರಿ, ಯಾವ ಗರಿ ಒಪ್ಪುವುದೆಂಬ ನಿರ್ಣಯವು ಇವರದಾಗಿದ್ದಿತು. ಅವರು ಬೆಲೆ ಕಟ್ಟಿ ಮಾರಿದ ನಿಜವಾದ ಸರಕು ಈ ವಿವೇಚನೆಯೇ ಎಂದು ನಾನು ಭಾವಿಸುತ್ತೇನೆ. ಅವರಲ್ಲಿ ಅಗ್ರಗಣ್ಯಳು ರೋಸ್ ಬೆರ್ತಾಂ. 1747ರಲ್ಲಿ ಆಬೆವಿಲ್ ಎಂಬ ಊರಿನ ಸಾಮಾನ್ಯ ಕುಟುಂಬದಲ್ಲಿ ಜನಿಸಿದ ಈಕೆ, ಪ್ಯಾರಿಸ್ಸಿಗೆ ಬಂದು ಕೆಲಸ ಕಲಿತು, ಸೇಂತ್ ಒನೊರೆ ಬೀದಿಯಲ್ಲಿ ತನ್ನದೇ ಅಂಗಡಿಯನ್ನು ತೆರೆದಳು. ಅದಕ್ಕೆ ಆಕೆಯಿಟ್ಟ ಹೆಸರು 'ಗ್ರಾಂ ಮೊಗೋಲ್', ಎಂದರೆ ಮೊಗಲ್ ಚಕ್ರವರ್ತಿ. ಹಿಂದೂದೇಶದ ವೈಭವದ ಕೀರ್ತಿಯು ಅಲ್ಲಿಯ ಗಿರಾಕಿಗಳ ಕಣ್ಣನ್ನು ಅಷ್ಟರಮಟ್ಟಿಗೆ ಸೆಳೆಯುತ್ತಿದ್ದಿತು. ಶಾರ್ತ್ರ್‌ ಸಂಸ್ಥಾನದ ಡಚೆಸ್‌ಳ ಆಶ್ರಯದಿಂದ ಮಾರಿ ಆಂತ್ವಾನೆತ್ ರಾಣಿಯ ಪರಿಚಯವೊದಗಿದ ಮೇಲೆ, ಆಕೆ ಕ್ರಮವಾಗಿ ವರ್ಸೈ ಅರಮನೆಗೆ ಹೋಗಿ ಬರುತ್ತಿದ್ದಳು. ಆದರೆ ಅಂಗಡಿಯನ್ನು ಮುಚ್ಚಿ ಅರಮನೆಯ ಆಳಾಗಲು ಒಪ್ಪಲಿಲ್ಲ. ಇದು ಬಹು ದೊಡ್ಡ ಜಾಣತನ. ರಾಣಿಯು ಧರಿಸಿದುದು ಊರಿನ ಅಂಗಡಿಯಲ್ಲಿ ದೊರೆಯುವುದೆಂದಾದ ಮೇಲೆ ಗಿರಾಕಿಗಳನ್ನು ಕರೆಯುವ ಅಗತ್ಯವೆಲ್ಲಿ?

1776ರಲ್ಲಿ ಸಚಿವ ತ್ಯುರ್ಗೋ ಶ್ರೇಣಿಗಳನ್ನು ರದ್ದುಪಡಿಸಿ, ಆತನು ಪದಚ್ಯುತನಾದ ಬಳಿಕ ಅದೇ ವರ್ಷ ಅವು ಪುನಃಸ್ಥಾಪಿತವಾದಾಗ, ಅಲಂಕಾರದ ವ್ಯಾಪಾರಿಗಳಿಗೂ ಸ್ವಂತ ಶ್ರೇಣಿ ದೊರೆಯಿತು. ಅದರ ಪ್ರಥಮ ಪ್ರಮುಖಳು ಬೆರ್ತಾಂ. 1783ರಲ್ಲಿ ವಿಜೆ ಲ ಬ್ರೂನ್ ಎಂಬ ಚಿತ್ರಕರ್ತಿಯು ರಾಣಿಯನ್ನು ಸರಳವಾದ ಬಿಳಿಯ ಮಸ್ಲಿನ್ ಉಡುಪಿನಲ್ಲಿ ಚಿತ್ರಿಸಿ ಪ್ರದರ್ಶಿಸಲು, ಅದು ಒಳ ಉಡುಪಿನಂತಿದೆಯೆಂದು ಜನರು ಕೋಲಾಹಲವೆಬ್ಬಿಸಿದುದರಿಂದ ಆ ಚಿತ್ರವನ್ನು ತೆಗೆದು ಬೇರೊಂದನ್ನು ಇಡಬೇಕಾಯಿತು. ಲಿಯೋಂ ನಗರದ ರೇಷ್ಮೆಯ ನೇಕಾರರ ಅನ್ನಕ್ಕೆ ರಾಣಿಯು ಕಲ್ಲು ಹಾಕಿದಳೆಂಬ ದೂರೂ ಕೇಳಿಬಂದಿತು. ಆದರೆ ಹಗುರವಾದ ಆ ಬಿಳಿಯ ಉಡುಪೇ ಮುಂದೆ ಯೂರೋಪಿನ ಹೆಂಗಸರಲ್ಲಿ ಜನಪ್ರಿಯವಾಯಿತು.

ಇಷ್ಟೆಲ್ಲ ಕೀರ್ತಿಯಿದ್ದ ಅಂಗಡಿಯನ್ನು ಕೊರೆದುದು ಉದ್ರಿ. ಶ್ರೀಮಂತರು ಕೊಂಡುದಕ್ಕೆ ವರ್ಷಾನುವರ್ಷ ಹಣ ಕೊಡದಿರುವುದೇ ಅಂದಿನ ಮರ್ಯಾದೆಯಾಗಿದ್ದು, ಫ್ರಾನ್ಸಿನ ಮಹಾಕ್ರಾಂತಿಯು ಬಂದೊಡನೆ ಆ ಗಿರಾಕಿಗಳಲ್ಲಿ ಕೆಲವರು ದೇಶಾಂತರ ಹೋದರು, ಕೆಲವರು ವಧಸ್ತಂಭವನ್ನೇರಿದರು. ಬೆರ್ತಾಂ ಸ್ವತಃ ಲಂಡನ್ನಿಗೆ ಹೋಗಿದ್ದು, ಬಿರುಗಾಳಿಯಡಗಿದ ಮೇಲೆ ಹಿಂದಿರುಗಿದಳು. 1813ರಲ್ಲಿ ಎಪಿನೆ ಎಂಬಲ್ಲಿ ಆಕೆ ತೀರಿಕೊಂಡ ಬಳಿಕವೂ ಆಕೆಯ ವಾರಸುದಾರರು, ಹಳೆಯ ಲೆಕ್ಕದ ಪುಸ್ತಕಗಳನ್ನು ಹಿಡಿದು, ಆ ಮನೆತನಗಳಿಂದ ಬಾಕಿಯನ್ನು ವಸೂಲುಮಾಡಲು ಪ್ರಯತ್ನಿಸುತ್ತಲೇ ಇದ್ದರು.