ಬಲೆ ಬಿಟ್ಟವರ ಹೆಸರಿಗೆ ಬಂದ ಭೂಮಿ



ಪ್ರತಿ ವರ್ಷ ನವೆಂಬರ್ 30ರಂದು ನಾವು ಪ್ರೇಷಿತರಾದ ಸಂತ ಅಂದ್ರೆಯನವರ ಹಬ್ಬವನ್ನು ಆಚರಿಸುತ್ತೇವೆ. ಗಲಿಲೇಯ ಸರೋವರದ ದಡದಲ್ಲಿ ಪ್ರಭು ಯೇಸು ಕರೆದೊಡನೆ ಬಲೆಯನ್ನು ಅಲ್ಲಿಯೇ ಬಿಟ್ಟು ಹಿಂಬಾಲಿಸಿದವರು ಅವರು. ಅವರಿಗೆ ಹೊಲವಿತ್ತೆಂದು ಶುಭಸಂದೇಶ ಎಲ್ಲಿಯೂ ಹೇಳುವುದಿಲ್ಲ. ಹೀಗಿದ್ದರೂ ದೂರದ ಇಂಗ್ಲೆಂಡಿನಲ್ಲಿ ಇದೇ ಸಂತರ ಹೆಸರಿಗೆ ರಾಜರುಗಳು ಹೊಲ, ಹುಲ್ಲುಗಾವಲು, ಕಾಡುಗಳನ್ನು ಬರೆದುಕೊಟ್ಟ ದಾನಪತ್ರಗಳಿವೆ. ಆ ಪತ್ರಗಳ ಕಥೆಯನ್ನು ಈ ಹಬ್ಬದ ಸಂದರ್ಭದಲ್ಲಿ ಸ್ವಲ್ಪ ನೋಡೋಣ.

597ರಲ್ಲಿ ಪರಮಗುರು ಮಹಾ ಗ್ರೆಗೋರಿಯವರು ಕಳುಹಿಸಿದ ಸಂತ ಅಗಸ್ಟೀನರು (ಇವರು ಹಿಪ್ಪೋ ನಗರದ ಅಗಸ್ಟೀನರಲ್ಲ) ಇಂಗ್ಲೆಂಡಿನ ಕೆಂಟ್ ಸೀಮೆಗೆ ಬಂದಿಳಿದರು. ರೋಮ್ ನಗರದಲ್ಲಿ ಅವರಿದ್ದ ಮಠ ಸಂತ ಅಂದ್ರೆಯನವರ ಹೆಸರಿನದು. ಕೆಂಟಿನ ರಾಜ ಎಥೆಲ್‌ಬರ್ಟ್ ದೀಕ್ಷಾಸ್ನಾನ ಪಡೆದ. 604ರಲ್ಲಿ ಮೆಡ್ವೇ ನದಿಯ ದಡದ ರಾಚೆಸ್ಟರ್ ಪಟ್ಟಣಕ್ಕೆ ಜಸ್ಟಸ್ ಎಂಬವರು ಮೊದಲ ಧರ್ಮಾಧ್ಯಕ್ಷರಾದರು. ರಾಜನು ಅಲ್ಲಿ ಸಂತ ಅಂದ್ರೆಯನವರ ಹೆಸರಿನಲ್ಲಿ ದೇವಾಲಯ ಕಟ್ಟಿಸಿ ಭೂಮಿಕಾಣಿಯನ್ನೂ ಕೊಟ್ಟನೆಂದು ಪೂಜ್ಯ ಬೀಡರು 731ರಲ್ಲಿ ಮುಗಿಸಿದ ತಮ್ಮ ಚರಿತ್ರೆಯಲ್ಲಿ ಬರೆದಿದ್ದಾರೆ. ಕ್ಯಾಂಟರ್‌ಬರಿಯ ನಂತರ ಇಂಗ್ಲೆಂಡಿನ ಎರಡನೆಯ ಅತಿ ಹಳೆಯ ಪ್ರಧಾನಾಲಯ ಇದೇ.

ದಾನವನ್ನು ಕೊಟ್ಟರೆ ಸಾಲದು, ಅದು ಉಳಿಯಬೇಕಲ್ಲ! ಆದ್ದರಿಂದ ಆ ಕಾಲದಲ್ಲಿ ಚರ್ಮದ ಹಾಳೆಯ ಮೇಲೆ ದಾನಪತ್ರ ಬರೆಯುತ್ತಿದ್ದರು. ದೇವರ ನಾಮಸ್ಮರಣೆಯೊಂದಿಗೆ ಪತ್ರ ಆರಂಭವಾಗುತ್ತಿತ್ತು. ಮುಖ್ಯ ಮಾತೆಲ್ಲ ಲತೀನಿನಲ್ಲಿ. ಆದರೆ ಭೂಮಿಯ ಎಲ್ಲೆಯನ್ನು ಮಾತ್ರ ಅನೇಕ ಬಾರಿ ಊರಿನ ಜನರಾಡುವ ಭಾಷೆಯಲ್ಲಿಯೇ ಬರೆಯುತ್ತಿದ್ದರು. ಯಾವ ಬಾಗಿಲಿನಿಂದ ಯಾವ ಗೋಡೆಯವರೆಗೆ, ಯಾವ ಓಣಿಯಿಂದ ಯಾವ ಬೀದಿಯವರೆಗೆ ಎಂಬುದು ಉಳುವವನಿಗೂ ತಿಳಿಯಬೇಕಿತ್ತು. ಕೊನೆಯಲ್ಲಿ ಸಾಕ್ಷಿಗಳ ಹೆಸರುಗಳು, ಪ್ರತಿ ಹೆಸರಿಗೂ ಒಂದು ಶಿಲುಬೆಯ ಗುರುತು. ದಾನವನ್ನು ಕಿತ್ತುಕೊಂಡವನಿಗೆ ದೇವರ ಶಾಪ ತಟ್ಟಲಿ ಎಂಬ ಮಾತು ಬೇರೆ.

ರಾಚೆಸ್ಟರಿನ ಈ ಪತ್ರಗಳನ್ನು 1123ರ ಸುಮಾರಿಗೆ ಧರ್ಮಾಧ್ಯಕ್ಷ ಅರ್ನಲ್ಫರ ಕಾಲದಲ್ಲಿ ಒಂದೆಡೆ ನಕಲು ಮಾಡಿಸಲಾಯಿತು. 'ಟೆಕ್ಸ್ಟಸ್ ರಾಫೆನ್ಸಿಸ್' ಎಂದು ಹೆಸರಾದ ಆ ಗ್ರಂಥ ಇಂದಿಗೂ ಉಳಿದಿದೆ. 18ನೆಯ ಶತಮಾನದಲ್ಲಿ ದೋಣಿಯಲ್ಲಿ ಸಾಗಿಸುವಾಗ ನೀರಿಗೆ ಬಿದ್ದು ಒದ್ದೆಯಾದರೂ ಹೇಗೋ ಉಳಿದುಕೊಂಡಿತು. ರಾಜ ಎಥೆಲ್‌ಬರ್ಟನ ಕಾನೂನುಗಳು ಸಿಗುವುದು ಈ ಒಂದೇ ಗ್ರಂಥದಲ್ಲಿ. ಅದರ ಮೊದಲ ನಿಯಮವೇ ದೇವರ ಹಾಗೂ ಧರ್ಮಸಭೆಯ ಸ್ವತ್ತನ್ನು ಕದ್ದವನು ಹನ್ನೆರಡರಷ್ಟು ತೆರಬೇಕು ಎಂಬುದು.

ಈ ಗ್ರಂಥದ ಪತ್ರಗಳೆಲ್ಲ ಅಪ್ಪಟವೇ? ಸತ್ಯವನ್ನು ಮುಚ್ಚಿಡಬಾರದು. 604ರ ಏಪ್ರಿಲ್ 28ರ ತಾರೀಖು ಹೊತ್ತ ಎಥೆಲ್‌ಬರ್ಟನ ದಾನಪತ್ರ ಈಗಿರುವ ರೂಪದಲ್ಲಿ ಅವನ ಕಾಲದ್ದೆಂದು ಬಹಳಷ್ಟು ವಿದ್ವಾಂಸರು ಒಪ್ಪುವುದಿಲ್ಲ. ಮಧ್ಯಯುಗದ ಮಠಗಳಲ್ಲಿ ಕಳೆದುಹೋದ ಪತ್ರಕ್ಕೆ ಬದಲಾಗಿ ಹೊಸದನ್ನು ಬರೆದುಕೊಂಡದ್ದೂ ಉಂಟು, ಇಲ್ಲದ ಹಕ್ಕನ್ನು ಸೇರಿಸಿಕೊಂಡದ್ದೂ ಉಂಟು. ಸಂತರ ಹೆಸರಿನಲ್ಲಿ ಮಾಡಿದರೂ ಸುಳ್ಳು ಸುಳ್ಳೇ ಎಂಬುದನ್ನು ನಾವು ಮರೆಯುವಂತಿಲ್ಲ.

ಆದರೆ ಅದೇ ಗ್ರಂಥದಲ್ಲಿ ಮನಸ್ಸನ್ನು ತಟ್ಟುವ ಪತ್ರವೊಂದಿದೆ. ಬಾಲಕನಾಗಿದ್ದಾಗಲೇ ಪಟ್ಟಕ್ಕೇರಿದ ರಾಜ ಎಥೆಲ್‌ರೆಡ್ ರಾಚೆಸ್ಟರಿನ ಮೇಲೆ ಮುನಿದು 986ರಲ್ಲಿ ಆ ಧರ್ಮಕ್ಷೇತ್ರದ ಭೂಮಿಯನ್ನು ಹಾಳುಗೆಡವಿದ್ದ. ಬ್ರಾಮ್ಲಿ ಎಂಬಲ್ಲಿದ್ದ ಪ್ರಧಾನಾಲಯದ ಜಮೀನನ್ನು ಕಿತ್ತು ತನ್ನ ಆಪ್ತನೊಬ್ಬನಿಗೆ ಕೊಟ್ಟಿದ್ದ. ಹನ್ನೆರಡು ವರ್ಷ ಕಳೆದ ಮೇಲೆ, 998ರಲ್ಲಿ, ಅದೇ ರಾಜ ಹೊಸ ಪತ್ರವೊಂದನ್ನು ಬರೆಸಿದ. ಅರಿವಿಲ್ಲದ ವಯಸ್ಸಿನಲ್ಲಿ, ಕೆಟ್ಟವನ ಮಾತು ಕೇಳಿ ತಾನು ತಪ್ಪು ಮಾಡಿದೆನೆಂದು ಅದರಲ್ಲಿ ಒಪ್ಪಿಕೊಂಡ. ಬ್ರಾಮ್ಲಿಯಲ್ಲಿ ಆರು ಸುಲುಂಗ್ ಭೂಮಿಯನ್ನು ಸಂತ ಅಂದ್ರೆಯನವರಿಗೆ ಹಿಂದಿರುಗಿಸಿದ. ಸುಲುಂಗ್ ಎಂದರೆ ನೇಗಿಲಿನ ಲೆಕ್ಕದಲ್ಲಿ ಭೂಮಿಯನ್ನು ಅಳೆಯುವ ಕೆಂಟ್ ಸೀಮೆಯ ಅಳತೆ. ಆಗ ಡೇನರ ದಾಳಿಯಿಂದ ನಾಡು ತತ್ತರಿಸುತ್ತಿತ್ತು. ಮರುವರ್ಷವೇ ಅವರ ಹಡಗುಗಳು ಮೆಡ್ವೇ ನದಿಯಲ್ಲಿ ರಾಚೆಸ್ಟರಿನವರೆಗೂ ಬಂದವು. ರಾಜನ ಮನಸ್ಸಿನಲ್ಲಿ ಭಯವೂ ಇದ್ದೀತು. ಆದರೂ ಅವನು ಬರಿಯ ಬಾಯಿಮಾತಿನ ಪಶ್ಚಾತ್ತಾಪ ಪಡಲಿಲ್ಲ. ಸಾಕ್ಷಿಗಳ ಮುಂದೆ ತಪ್ಪೊಪ್ಪಿಕೊಂಡು, ಕಿತ್ತುಕೊಂಡದ್ದನ್ನು ಮರಳಿ ಕೊಟ್ಟ. ಇದನ್ನು ಓದುವಾಗ ನಮಗೆ ಜಕ್ಕಾಯನ ನೆನಪಾಗದೆ ಇರದು.

1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಮೇಲೆ ಮತ್ತೆ ಕಷ್ಟ ಬಂತು. ಈ ಬಾರಿ ಕೈಹಾಕಿದವನು ಹೊರಗಿನವನಲ್ಲ, ಸ್ವತಃ ಧರ್ಮಾಧ್ಯಕ್ಷ! ರಾಜ ವಿಲಿಯಮನ ಮಲತಮ್ಮ, ಬಾಯೂ ನಗರದ ಧರ್ಮಾಧ್ಯಕ್ಷ ಓಡೋ ಕೆಂಟ್ ಸೀಮೆಯ ಒಡೆಯನಾಗಿ ದೇವಾಲಯಗಳ ಭೂಮಿಯನ್ನು ವಶಮಾಡಿಕೊಂಡಿದ್ದ. 1070ರ ದಶಕದಲ್ಲಿ ಪೆನೆಂಡನ್ ಬಯಲಿನಲ್ಲಿ ಮಹಾಧರ್ಮಾಧ್ಯಕ್ಷ ಲ್ಯಾನ್‌ಫ್ರಾಂಕರು ನ್ಯಾಯ ಕೇಳಿದರು. ವಿಚಾರಣೆ ಮೂರು ದಿನ ನಡೆಯಿತು. ನಾಡಿನ ಹಳೆಯ ಕಾನೂನನ್ನು ಬಲ್ಲ ವಯೋವೃದ್ಧ ಧರ್ಮಾಧ್ಯಕ್ಷ ಎಥೆಲ್‌ರಿಕ್ಕರನ್ನು ಬಂಡಿಯಲ್ಲಿ ಕರೆತಂದರು. ಗೆದ್ದವರ ಸಭೆಯಲ್ಲಿ ಸೋತ ಜನಾಂಗದ ಮುದುಕರೊಬ್ಬರ ಮಾತಿಗೆ ಬೆಲೆ ಸಿಕ್ಕಿತು. ಸ್ಟೋಕ್, ಡೆಂಟನ್ ಮುಂತಾದ ಭೂಮಿಗಳು ರಾಚೆಸ್ಟರಿಗೆ ಮರಳಿದವು.

1077ರಲ್ಲಿ ಧರ್ಮಾಧ್ಯಕ್ಷರಾದ ಗಂಡಲ್ಫರು ಬಂದಾಗ ಪ್ರಧಾನಾಲಯದಲ್ಲಿದ್ದವರು ಐದೇ ಐದು ಯಾಜಕರು ಎಂದು ಹೇಳಲಾಗಿದೆ. 1108ರಲ್ಲಿ ಅವರು ತೀರಿಕೊಳ್ಳುವ ವೇಳೆಗೆ ಸುಮಾರು 60 ಸನ್ಯಾಸಿಗಳಿದ್ದರು. ಹ್ಯಾಡನ್‌ಹ್ಯಾಮ್ ಎಂಬ ಜಹಗೀರನ್ನು ಮಠಕ್ಕೆ ಖಾಯಂ ಮಾಡಲು ಎರಡನೆಯ ವಿಲಿಯಮ್ ರಾಜ ಮೊದಲು 100 ಪೌಂಡು ಕೇಳಿದ. ಕೊನೆಗೆ ಗಂಡಲ್ಫರು 60 ಪೌಂಡು ಖರ್ಚಿನಲ್ಲಿ ರಾಜನಿಗೊಂದು ಕಲ್ಲಿನ ಕೋಟೆ ಕಟ್ಟಿಸಿಕೊಡಬೇಕಾಯಿತು. ಸಂತರ ಹೆಸರಿನ ದಾನವೂ ಕೆಲವೊಮ್ಮೆ ಹೀಗೆ ವ್ಯಾಪಾರವಾಗುತ್ತಿತ್ತು. ಕಟ್ಟಡ ಕೆಲಸದಲ್ಲಿ ನಿಪುಣರಾಗಿದ್ದ ಇದೇ ಗಂಡಲ್ಫರು ಲಂಡನ್ ಕೋಟೆಯ ಬಿಳಿ ಗೋಪುರದ ಕೆಲಸವನ್ನೂ ನೋಡಿಕೊಂಡಿದ್ದರು.

ನಾಲ್ಕು ಶತಮಾನಗಳ ನಂತರ ಅದೇ ಲಂಡನ್ ಕೋಟೆಯಲ್ಲಿ ರಾಚೆಸ್ಟರಿನ ಇನ್ನೊಬ್ಬ ಧರ್ಮಾಧ್ಯಕ್ಷರು ಸೆರೆಯಾಳಾದರು. ಅವರೇ ಸಂತ ಜಾನ್ ಫಿಷರ್. ಇಷ್ಟೆಲ್ಲ ದಾನಪತ್ರಗಳಿದ್ದರೂ ರಾಚೆಸ್ಟರ್ ಆಗ ಇಂಗ್ಲೆಂಡಿನ ಬಡ ಧರ್ಮಕ್ಷೇತ್ರಗಳಲ್ಲಿ ಒಂದು. 1504ರಲ್ಲಿ ಅಲ್ಲಿಗೆ ಬಂದ ಫಿಷರರು ಶ್ರೀಮಂತ ಧರ್ಮಕ್ಷೇತ್ರಕ್ಕೆ ಹೋಗಲು ಒಪ್ಪದೆ ಕಡೆಯವರೆಗೂ ಅಲ್ಲೇ ಉಳಿದರು. ಎಂಟನೆಯ ಹೆನ್ರಿ ತಾನೇ ಇಂಗ್ಲೆಂಡಿನ ಧರ್ಮಸಭೆಗೆ ಮುಖ್ಯಸ್ಥನೆಂದಾಗ ಅವರು ಒಪ್ಪಲಿಲ್ಲ. 1535ರ ಜೂನ್ 22ರಂದು ಅವರ ಶಿರಚ್ಛೇದವಾಯಿತು. 1540ರಲ್ಲಿ ಮಠವನ್ನು ಮುಚ್ಚಿಸಲಾಯಿತು. ಒಂಬೈನೂರು ವರ್ಷಗಳ ದಾನಪತ್ರಗಳು, ಶಾಪದ ಮಾತುಗಳು ಯಾವುವೂ ಅದನ್ನು ತಡೆಯಲಿಲ್ಲ. 1935ರಲ್ಲಿ ಧರ್ಮಸಭೆ ಜಾನ್ ಫಿಷರರನ್ನು ಸಂತರೆಂದು ಘೋಷಿಸಿತು.

ಪ್ರಿಯ ಸಹೋದರ ಸಹೋದರಿಯರೇ, ದೇವಾಲಯಕ್ಕೆ ಭೂಮಿ ಬೇಡವೆಂದು ನಾವು ಹೇಳುತ್ತಿಲ್ಲ. ಬಲಿಪೂಜೆಗೆ ನೆಲ ಬೇಕು, ಸತ್ತವರನ್ನು ಮಲಗಿಸಲು ನೆಲ ಬೇಕು, ಬಡವರಿಗೆ ಅನ್ನ ಹಾಕಲು ಬೆಳೆ ಬೇಕು. ಅದಕ್ಕಾಗಿಯೇ ಲ್ಯಾನ್‌ಫ್ರಾಂಕರು ನ್ಯಾಯಸಭೆಯಲ್ಲಿ ನಿಂತರು. ಆದರೆ ರಾಚೆಸ್ಟರಿನ ಹಕ್ಕುಗಳು ಹೋದ ಮೇಲೂ ಇಂದು ನಾವು ಬಲಿಪೀಠದ ಮುಂದೆ ನೆನೆಯುವುದು ಪ್ರಾಣವನ್ನೇ ಬಿಟ್ಟುಕೊಟ್ಟ ಜಾನ್ ಫಿಷರರನ್ನು.

ನಮ್ಮ ಮನೆಗಳಲ್ಲಿಯೂ ಪತ್ರಗಳಿವೆ. ಅಣ್ಣತಮ್ಮಂದಿರ ನಡುವೆ ಎಲ್ಲೆಯ ಜಗಳಗಳಿವೆ. ಸಂತ ಅಂದ್ರೆಯನವರ ಹಬ್ಬದಂದು ಒಮ್ಮೆ ಕೇಳಿಕೊಳ್ಳೋಣ: ನಮ್ಮದಲ್ಲದ ಒಂದು ಗೇಣು ನೆಲ ನಮ್ಮ ಬೇಲಿಯ ಒಳಗಿದೆಯೇ? ಇದ್ದರೆ, ಎಥೆಲ್‌ರೆಡ್ ರಾಜನಂತೆ ಹನ್ನೆರಡು ವರ್ಷ ಕಾಯುವುದು ಬೇಡ. ಬಲೆಯನ್ನು ಬಿಟ್ಟು ನಡೆದ ಪ್ರೇಷಿತರು ಅಷ್ಟನ್ನು ಬಿಡುವ ಮನಸ್ಸನ್ನು ನಮಗೂ ದೇವರಿಂದ ಬೇಡಿ ಕೊಡಿಸಲಿ.